ಜೋಡಿ ಕನ್ನಡಿ ಮತ್ತು ಸಾಯುತ್ತಿರುವ ಡಿಸ್ಕು



ಒಂದು ಶಾಲೆಯ ದಾಖಲಾತಿ ಪುಸ್ತಕವನ್ನು ನೆನೆಸಿಕೊಳ್ಳಿ. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಎಲ್ಲವೂ ಸೇರಿ ಅದರಲ್ಲಿ ಒಂದೇ ಒಂದು ಸಾಲು. ಮೂವತ್ತು ವರ್ಷ ಆ ಸಾಲನ್ನು ಯಾರೂ ನೋಡುವುದಿಲ್ಲ. ಆಮೇಲೆ ಒಂದು ದಿನ ಪಾಸ್‌ಪೋರ್ಟಿಗೋ ಪಿಂಚಣಿಗೋ ಆ ಸಾಲೇ ಬೇಕಾಗುತ್ತದೆ. ಪುಟ ತೆರೆದರೆ ಅಲ್ಲಿ ಗೆದ್ದಲು ತಿಂದಿದೆ. ಆಗ ಏನು ಮಾಡುವುದು?

"ಎರಡು ಪ್ರತಿ ಬರೆದಿಡಬೇಕಿತ್ತು" ಎಂದು ನೀವು ಹೇಳುತ್ತೀರಿ. ಸರಿ, ಬರೆದಿಟ್ಟೆವು ಎನ್ನೋಣ. ಒಂದು ಪುಸ್ತಕದಲ್ಲಿ ಹುಟ್ಟಿದ ತಾರೀಖು 11 ಎಂದಿದೆ, ಇನ್ನೊಂದರಲ್ಲಿ 17 ಎಂದಿದೆ. ಈಗ ಯಾವುದನ್ನು ನಂಬುವುದು? ಗೆದ್ದಲು ತಿಂದ ಪುಟ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ತಪ್ಪಾಗಿ ಓದಿಸಿಕೊಳ್ಳುವ ಪುಟ ಹಾಗಲ್ಲ, ಅದು ನಿಜದಂತೆಯೇ ಕಾಣುತ್ತದೆ. ಗಣಕಯಂತ್ರದ ಸಂಗ್ರಹಣೆಯ ಇತಿಹಾಸದಲ್ಲಿ ಐವತ್ತು ವರ್ಷಗಳಿಂದ ವಿಜ್ಞಾನಿಗಳು ತಲೆಕೆಡಿಸಿಕೊಂಡಿರುವುದು ಇದೇ ಎರಡು ಪ್ರಶ್ನೆಗಳಿಗೆ. ಇಂದು ನಮ್ಮ ಅಂಕಪಟ್ಟಿ, ಜಮೀನಿನ ಪಹಣಿ, ಬ್ಯಾಂಕಿನ ಲೆಕ್ಕ, ಮದುವೆಯ ಫೋಟೋ ಎಲ್ಲವೂ ಡಿಸ್ಕುಗಳ ಮೇಲೆ ಕುಳಿತಿರುವುದರಿಂದ ಈ ಇತಿಹಾಸ ನಮಗೂ ಸಂಬಂಧಿಸಿದ್ದು.

ಡಿಸ್ಕಿನ ಹುಟ್ಟು

1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಯಂತ್ರವನ್ನು ಹೊರತಂದಿತು. ಅದರೊಳಗೆ 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋಗಳಿಗೆ ಅಷ್ಟು ಜಾಗ ಬೇಕು.

ಗಾತ್ರ ಎಷ್ಟೇ ಬದಲಾದರೂ ಮೂಲ ತತ್ವ ಬದಲಾಗಿಲ್ಲ. ಕಾಂತೀಯ ಲೇಪವಿರುವ ತಟ್ಟೆ ವೇಗವಾಗಿ ತಿರುಗುತ್ತದೆ. ಅದಕ್ಕೆ ತಾಗಿಯೂ ತಾಗದಂತೆ ಒಂದು ಪುಟ್ಟ ಹೆಡ್ ತೇಲುತ್ತಾ ಓದುತ್ತದೆ, ಬರೆಯುತ್ತದೆ. ಹಗಲಿರುಳು ತಿರುಗುವ ಯಾವ ಯಂತ್ರವೂ ಸವೆಯದೆ ಇರುವುದಿಲ್ಲ. ಆದ್ದರಿಂದ ಡಿಸ್ಕು ಕೆಡುವುದು ಖಚಿತ. ಯಾವಾಗ ಕೆಡುತ್ತದೆ ಎಂಬುದಷ್ಟೇ ಅನಿಶ್ಚಿತ.

ಎರಡು ಪ್ರತಿಗಳ ಯೋಚನೆ

1974ರಲ್ಲಿ ಜೇಮ್ಸ್ ಟ್ರೇಬಿಗ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಟ್ಯಾಂಡೆಮ್ ಎಂಬ ಕಂಪನಿ ಕಟ್ಟಿದರು. ಎಂದೂ ನಿಲ್ಲದ ಗಣಕಯಂತ್ರವನ್ನು ಮಾರುವುದು ಅವರ ಗುರಿ. ಬ್ಯಾಂಕಿನ ವ್ಯವಹಾರ ಮಧ್ಯಾಹ್ನ ಹನ್ನೆರಡಕ್ಕೆ ನಿಂತುಹೋದರೆ ಆಗುವ ನಷ್ಟ ಅವರಿಗೆ ಗೊತ್ತಿತ್ತು. ಅವರ ಮೊದಲ ಯಂತ್ರ 1976ರಲ್ಲಿ ಸಿಟಿಬ್ಯಾಂಕಿಗೆ ಹೋಯಿತು. ಆ ಯಂತ್ರಗಳಲ್ಲಿ ಡಿಸ್ಕುಗಳನ್ನು ಜೋಡಿಯಾಗಿ ಇಡಬಹುದಿತ್ತು. ಬರೆಯುವಾಗ ಎರಡಕ್ಕೂ ಬರೆಯುವುದು, ಓದುವಾಗ ಎರಡರಲ್ಲಿ ಒಂದರಿಂದ ಓದುವುದು. ಒಂದು ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಇದಕ್ಕೆ ಮಿರರಿಂಗ್, ಅಂದರೆ ಕನ್ನಡಿ ಹಿಡಿಯುವುದು ಎಂಬ ಹೆಸರು ಬಂತು.

ಅದೇ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಹೋವರ್ಡ್ ಸ್ಟರ್ಗಿಸ್ ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳಿದರು. ಎರಡು ಪ್ರತಿಗಳನ್ನು ಏಕಕಾಲಕ್ಕೆ ಬರೆಯಬೇಡಿ. ಮೊದಲನೆಯದನ್ನು ಬರೆದು, ಓದಿ ನೋಡಿ, ಸರಿಯಿದೆ ಎಂದು ಖಾತ್ರಿಯಾದ ಮೇಲೆ ಎರಡನೆಯದನ್ನು ಬರೆಯಿರಿ. ಆಗ ನಡುವೆ ವಿದ್ಯುತ್ ಹೋದರೂ ಹಳೆಯದೋ ಹೊಸದೋ ಒಂದು ಪೂರ್ಣ ಪ್ರತಿ ಉಳಿದೇ ಉಳಿಯುತ್ತದೆ. ಎಷ್ಟು ಸರಳ ನೋಡಿ! ಆದರೆ ಪ್ರತಿ ಎಂದರೆ ಬರಿಯ ನಕಲಲ್ಲ, ಪರೀಕ್ಷಿಸಿದ ನಕಲು ಎಂಬ ದೊಡ್ಡ ಪಾಠ ಇದರಲ್ಲಿದೆ.

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕ್ಯಾಟ್ಜ್ ಒಂದು ಪ್ರಸಿದ್ಧ ಪ್ರಬಂಧ ಮಂಡಿಸಿದರು. ಒಂದು ದುಬಾರಿ ಡಿಸ್ಕಿನ ಬದಲು ಅಗ್ಗದ ಚಿಕ್ಕ ಡಿಸ್ಕುಗಳ ಸಾಲನ್ನು ಬಳಸೋಣ ಎಂಬುದು ಅವರ ವಾದ. ಆದರೆ ಒಂದು ತೊಡಕಿತ್ತು. ಒಂದು ಡಿಸ್ಕು ಸರಾಸರಿ 30,000 ಗಂಟೆಗೊಮ್ಮೆ ಕೆಡುವುದಾದರೆ, 100 ಡಿಸ್ಕುಗಳ ಸಾಲಿನಲ್ಲಿ 300 ಗಂಟೆಗೊಮ್ಮೆ, ಅಂದರೆ ಎರಡು ವಾರವೂ ತುಂಬುವ ಮೊದಲೇ, ಯಾವುದಾದರೊಂದು ಕೆಟ್ಟಿರುತ್ತದೆ. ಅದಕ್ಕಾಗಿ ಹೆಚ್ಚುವರಿ ಪ್ರತಿ ಇಡುವ ಐದು ವಿಧಾನಗಳನ್ನು ಅವರು ಪಟ್ಟಿ ಮಾಡಿದರು. ಅದೇ ರೇಡ್. ಅದರ ಮೊದಲನೆಯ ವಿಧಾನವೇ ನಮ್ಮ ಜೋಡಿ ಕನ್ನಡಿ.

ಕಾಗದದ ಮೇಲಿನ ಲೆಕ್ಕ

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಲೆಕ್ಕ. ಪ್ರತಿ ಡಿಸ್ಕು ಸರಾಸರಿ 30,000 ಗಂಟೆಗೊಮ್ಮೆ ಕೆಡುತ್ತದೆ. ಕೆಟ್ಟ 24 ಗಂಟೆಯೊಳಗೆ ಹೊಸದನ್ನು ಹಾಕಿ ನಕಲು ಮುಗಿಸುತ್ತೇವೆ. ಮಾಹಿತಿ ನಷ್ಟವಾಗಬೇಕಾದರೆ ಆ 24 ಗಂಟೆಯೊಳಗೇ ಎರಡನೆಯದೂ ಕೆಡಬೇಕು. ಹೀಗೆ ಲೆಕ್ಕ ಹಾಕಿದರೆ ಜೋಡಿಯ ಸರಾಸರಿ ಆಯಸ್ಸು 2,000 ವರ್ಷ ದಾಟುತ್ತದೆ! ಕೇಳಲು ಎಷ್ಟು ಹಿತ!

ಆದರೆ ಈ ಲೆಕ್ಕ ಮೂರು ನಂಬಿಕೆಗಳ ಮೇಲೆ ನಿಂತಿದೆ. ಒಂದು, ಡಿಸ್ಕು ಕೆಟ್ಟ ಕೂಡಲೇ ನಮಗೆ ತಿಳಿಯುತ್ತದೆ. ಎರಡು, ಉಳಿದ ಡಿಸ್ಕಿನ ಪ್ರತಿಯೊಂದು ಅಕ್ಷರವೂ ಓದಲು ಸಿಗುತ್ತದೆ. ಮೂರು, ಓದಲು ಸಿಕ್ಕಿದ್ದು ನಾವು ಬರೆದದ್ದೇ ಆಗಿರುತ್ತದೆ. ಮೊದಲನೆಯ ನಂಬಿಕೆ ಒಂದೇ ಸುಳ್ಳಾಗಲಿ. ಕೆಟ್ಟಿರುವುದು ತಿಳಿದು ಸರಿಪಡಿಸಲು 24 ಗಂಟೆಯ ಬದಲು ಒಂದು ವರ್ಷ ಹಿಡಿಯಿತು ಎನ್ನಿ. 2,000 ವರ್ಷದ ಆಯಸ್ಸು ಹನ್ನೊಂದು ವರ್ಷದ ಆಸುಪಾಸಿಗೆ ಕುಸಿಯುತ್ತದೆ. ಮುಂದಿನ ಇತಿಹಾಸವೆಲ್ಲ ಈ ಮೂರು ನಂಬಿಕೆಗಳು ಒಂದೊಂದಾಗಿ ಅಲುಗಾಡಿದ ಕಥೆ.

ಸತ್ತ ಡಿಸ್ಕು ಸುಲಭ, ಸಾಯುತ್ತಿರುವುದು ಕಷ್ಟ

ಪೂರ್ತಿ ಸತ್ತ ಡಿಸ್ಕಿನಿಂದ ತೊಂದರೆ ಕಡಿಮೆ. ಅದು ಉತ್ತರ ಕೊಡುವುದಿಲ್ಲ, ವ್ಯವಸ್ಥೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಕಷ್ಟ ಕೊಡುವುದು ಅರೆಜೀವದ ಡಿಸ್ಕು. ಅದರ ಕೆಲವು ಜಾಗಗಳು ಓದಲು ಬರುತ್ತವೆ, ಕೆಲವು ಬರುವುದಿಲ್ಲ. ಕೆಲವೊಮ್ಮೆ "ಬರೆದೆ" ಎಂದು ಹೇಳಿ ಬರೆದಿರುವುದಿಲ್ಲ. ಕೆಲವೊಮ್ಮೆ ಬರೆಯುತ್ತದೆ, ಆದರೆ ಬೇರೆ ಜಾಗದಲ್ಲಿ. 2005ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜಯನ್ ಪ್ರಭಾಕರನ್ ಮತ್ತು ಸಂಗಡಿಗರು ಆಗಿನ ಫೈಲ್‌ಸಿಸ್ಟಂಗಳನ್ನು ಪರೀಕ್ಷೆಗೆ ಒಡ್ಡಿ, ಇಂಥ ಅರೆಬರೆ ವೈಫಲ್ಯವನ್ನು ಅವು ಸರಿಯಾಗಿ ನಿಭಾಯಿಸುತ್ತಿಲ್ಲ ಎಂದು ತೋರಿಸಿದರು.

ಮುಂದೆ ಮೂರು ವರ್ಷಗಳಲ್ಲಿ ದೊಡ್ಡ ಪ್ರಮಾಣದ ಸಮೀಕ್ಷೆಗಳು ಬಂದವು. 2007ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆ ಪರಿಶೀಲಿಸಿದರು. ತಯಾರಕರ ಲೆಕ್ಕದಂತೆ ವರ್ಷಕ್ಕೆ ಹೆಚ್ಚೆಂದರೆ ಶೇ. 0.88ರಷ್ಟು ಕೆಡಬೇಕಿತ್ತು. ವಾಸ್ತವದಲ್ಲಿ ಶೇ. 2ರಿಂದ 4ರಷ್ಟು ಡಿಸ್ಕುಗಳನ್ನು ಬದಲಿಸುವುದು ಸಾಮಾನ್ಯವಾಗಿತ್ತು. ಕೆಲವೆಡೆ ಅದು ಶೇ. 13ರವರೆಗೂ ಹೋಗಿತ್ತು.

ಅದೇ ವರ್ಷ ಗೂಗಲ್ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿತು. ಡಿಸ್ಕಿನೊಳಗೇ ತನ್ನ ಆರೋಗ್ಯವನ್ನು ತಾನೇ ಗಮನಿಸಿಕೊಳ್ಳುವ ಸ್ಮಾರ್ಟ್ ಎಂಬ ವ್ಯವಸ್ಥೆ ಇದೆ. ಅದರ ಮಾತನ್ನು ಎಷ್ಟು ನಂಬಬಹುದು? ಮೊದಲ ಬಾರಿ ಓದುವ ದೋಷ ವರದಿ ಮಾಡಿದ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ಅಂಥ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ತಿಳಿಯಿತು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಪ್ರಮುಖವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಅಂದರೆ ಡಿಸ್ಕು "ನನಗೆ ಹುಷಾರಿಲ್ಲ" ಎಂದರೆ ನಂಬಿ, "ಚೆನ್ನಾಗಿದ್ದೇನೆ" ಎಂದರೆ ನಂಬಬೇಡಿ!

2007 ಮತ್ತು 2008ರಲ್ಲಿ ಲಕ್ಷ್ಮಿ ಬೈರವಸುಂದರಂ ಮತ್ತು ಸಂಗಡಿಗರು 15 ಲಕ್ಷ 30 ಸಾವಿರ ಡಿಸ್ಕುಗಳ ಮಾಹಿತಿಯನ್ನು ಶೋಧಿಸಿದರು. 32 ತಿಂಗಳಲ್ಲಿ ಶೇ. 3.45ರಷ್ಟು ಡಿಸ್ಕುಗಳಲ್ಲಿ ಓದಲಾಗದ ಗುಪ್ತ ಜಾಗಗಳು ಕಂಡುಬಂದವು. 41 ತಿಂಗಳ ಇನ್ನೊಂದು ಅಧ್ಯಯನದಲ್ಲಿ, ಬರೆದದ್ದೊಂದು ಓದಿದ್ದೊಂದು ಆದ ಪ್ರಕರಣಗಳು ನಾಲ್ಕು ಲಕ್ಷಕ್ಕೂ ಹೆಚ್ಚು ಸಿಕ್ಕವು. ಮೂರು ನಂಬಿಕೆಗಳೂ ಬಿದ್ದುಹೋದವು.

ಇಬ್ಬರು ಸಾಕ್ಷಿಗಳು, ಒಬ್ಬ ನ್ಯಾಯಾಧೀಶ

ಹಳೆಯ ಬಗೆಯ ಕನ್ನಡಿಯ ದೊಡ್ಡ ಕೊರತೆ ಏನೆಂದು ಈಗ ನಿಮಗೆ ಹೊಳೆದಿರಬಹುದು. ಎರಡು ಡಿಸ್ಕುಗಳು ಎರಡು ಬೇರೆ ಉತ್ತರ ಕೊಟ್ಟರೆ ತೀರ್ಪು ಕೊಡುವವರಿಲ್ಲ. ಸಾಕ್ಷಿಗಳು ಇಬ್ಬರು, ನ್ಯಾಯಾಧೀಶ ಇಲ್ಲ! ಲಿನಕ್ಸಿನ ಹಳೆಯ ಕನ್ನಡಿ ವ್ಯವಸ್ಥೆ ಎರಡು ಪ್ರತಿಗಳು ಹೊಂದುತ್ತಿಲ್ಲ ಎಂದು ಎಣಿಸಿ ಹೇಳಬಲ್ಲದು. ಯಾವುದು ಸರಿ ಎಂದು ಹೇಳಲಾರದು.

2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ಹೊಸ ಫೈಲ್‌ಸಿಸ್ಟಂ ಒಂದರ ಕೆಲಸ ಆರಂಭಿಸಿದರು. ಅದೇ ಜಡ್‌ಎಫ್‌ಎಸ್. 2005ರಲ್ಲಿ ಅದರ ಮೂಲಸಂಕೇತ ಎಲ್ಲರಿಗೂ ಮುಕ್ತವಾಯಿತು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. 2013ರಿಂದ ಓಪನ್‌ಜಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಸ್ವತಂತ್ರ ತಂತ್ರಜ್ಞರ ಬಳಗ ಅದನ್ನು ಮುಂದುವರಿಸಿಕೊಂಡು ಬಂದಿದೆ.

ಇದರ ಉಪಾಯ ಹೀಗಿದೆ. ಪ್ರತಿ ತುಂಡು ಮಾಹಿತಿಗೂ ಲೆಕ್ಕ ಹಾಕಿ ಒಂದು ಪರೀಕ್ಷಾ ಸಂಖ್ಯೆ ತೆಗೆಯಲಾಗುತ್ತದೆ. ಮಾಹಿತಿಯಲ್ಲಿ ಒಂದು ಬಿಟ್ ಬದಲಾದರೂ ಸಂಖ್ಯೆ ಹೊಂದುವುದಿಲ್ಲ. ಆ ಸಂಖ್ಯೆಯನ್ನು ಎಲ್ಲಿ ಇಡಬೇಕು? ಮಾಹಿತಿಯ ಪಕ್ಕದಲ್ಲೇ ಇಟ್ಟರೆ ಡಿಸ್ಕು ಬರೆಯದೇ "ಬರೆದೆ" ಎಂದಾಗ ಹಳೆಯ ಮಾಹಿತಿಗೆ ಹಳೆಯ ಸಂಖ್ಯೆ ಹೊಂದಿಬಿಡುತ್ತದೆ, ಸುಳ್ಳು ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಜಡ್‌ಎಫ್‌ಎಸ್ ಆ ಸಂಖ್ಯೆಯನ್ನು ಮೇಲಿನ ಹಂತದಲ್ಲಿ, ಆ ತುಂಡಿನ ವಿಳಾಸ ಬರೆದಿರುವ ಕಡೆ ಇಡುತ್ತದೆ. ಮೇಲಿನ ಹಂತದ ಸಂಖ್ಯೆ ಅದಕ್ಕೂ ಮೇಲಿನ ಹಂತದಲ್ಲಿ. ಹೀಗೆ ಮರದ ಎಲೆಯಿಂದ ಬೇರಿನವರೆಗೆ ಸರಪಳಿ ಬೆಳೆಯುತ್ತದೆ. ವಿದ್ಯಾರ್ಥಿಯ ಅಂಕಕ್ಕೆ ವಿದ್ಯಾರ್ಥಿಯೇ ರುಜು ಹಾಕದೆ ಮೇಷ್ಟರು ಹಾಕಿದಂತೆ, ಮೇಷ್ಟರ ಪಟ್ಟಿಗೆ ಮುಖ್ಯೋಪಾಧ್ಯಾಯರು ಹಾಕಿದಂತೆ.

ಈಗ ಓದುವಾಗ ಏನಾಗುತ್ತದೆ? ಒಂದು ಡಿಸ್ಕಿನಿಂದ ಬಂದ ತುಂಡು ಸಂಖ್ಯೆಗೆ ಹೊಂದದಿದ್ದರೆ ವ್ಯವಸ್ಥೆ ಇನ್ನೊಂದು ಡಿಸ್ಕಿನ ಪ್ರತಿಯನ್ನು ಓದುತ್ತದೆ. ಅದು ಹೊಂದಿದರೆ ಕೇಳಿದವರಿಗೆ ಅದನ್ನು ಕೊಟ್ಟು, ಜೊತೆಗೇ ಕೆಟ್ಟ ಪ್ರತಿಯ ಮೇಲೆ ಸರಿಯಾದದ್ದನ್ನು ಬರೆದು ಸರಿಪಡಿಸುತ್ತದೆ. ಕೇಳಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ದೋಷಗಳ ಪಟ್ಟಿಯಲ್ಲಿ ಆ ಡಿಸ್ಕಿನ ಹೆಸರಿನ ಮುಂದೆ ಒಂದು ಅಂಕೆ ಏರುತ್ತದೆ. ದೋಷಗಳು ಬೇಗಬೇಗ ಏರಿದರೆ ಡಿಸ್ಕು ರೋಗಿಷ್ಠ ಎಂಬ ಗುರುತು ಬೀಳುತ್ತದೆ. ಓಪನ್‌ಜಡ್‌ಎಫ್‌ಎಸ್‌ನಲ್ಲಿ ಮೊದಲಿನಿಂದ ಹಾಕಿಟ್ಟಿರುವ ಮಿತಿ 10 ನಿಮಿಷದಲ್ಲಿ 10 ದೋಷ.

ಯಾರೂ ಓದದ ಪುಟಗಳ ಗತಿ? ಅದಕ್ಕಾಗಿ ಸ್ಕ್ರಬ್ ಎಂಬ ಕ್ರಿಯೆ ಇದೆ. ಅದು ಎರಡೂ ಡಿಸ್ಕುಗಳಲ್ಲಿರುವ ಎಲ್ಲ ಮಾಹಿತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಸಂಖ್ಯೆ ತಾಳೆ ನೋಡಿ, ತಪ್ಪಿದ್ದರೆ ತಿದ್ದುತ್ತದೆ. ತಿಂಗಳಿಗೊಮ್ಮೆ ಹೀಗೆ ಮಾಡುವುದು ವಾಡಿಕೆ. ಪುಸ್ತಕದ ಬೀರುವನ್ನು ಆಗಾಗ ತೆರೆದು ಬಿಸಿಲಿಗೆ ಹಿಡಿಯುವುದಿಲ್ಲವೇ, ಹಾಗೆ.

2007ರಲ್ಲಿ ಕ್ರಿಸ್ ಮೇಸನ್ ಲಿನಕ್ಸಿಗಾಗಿ ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಂ ಆರಂಭಿಸಿದರು. 2009ರಲ್ಲಿ ಅದು ಲಿನಕ್ಸಿನೊಳಗೆ ಸೇರಿತು. ಅದೂ ಪರೀಕ್ಷಾ ಸಂಖ್ಯೆ ಇಟ್ಟು ತಪ್ಪು ಪ್ರತಿಯನ್ನು ತಿದ್ದುತ್ತದೆ. ಆದರೆ ಸ್ವಭಾವ ಬೇರೆ. ಅದು ದೋಷಗಳನ್ನು ಎಣಿಸಿಡುತ್ತದೆಯೇ ಹೊರತು ರೋಗಿಷ್ಠ ಡಿಸ್ಕನ್ನು ತಾನಾಗಿ ಹೊರಗೆ ಹಾಕುವುದಿಲ್ಲ. ಒಂದು ಡಿಸ್ಕು ಕಾಣೆಯಾಗಿದ್ದರೆ, "ಕೊರತೆಯಿದ್ದರೂ ತೆರೆ" ಎಂದು ನಿರ್ವಾಹಕರು ಸ್ಪಷ್ಟವಾಗಿ ಹೇಳುವವರೆಗೆ ತೆರೆಯುವುದಿಲ್ಲ. ಕೆಲವರಿಗೆ ಇದು ಹಟವೆನಿಸುತ್ತದೆ. ಆದರೆ ಮನುಷ್ಯನಿಗೆ ತಿಳಿಯದೆ ಒಂಟಿ ಕಾಲಿನಲ್ಲಿ ಓಡುವುದಕ್ಕಿಂತ ನಿಂತು ಕೇಳುವುದು ಮೇಲು ಎಂಬ ವಿಚಾರ ಇದರ ಹಿಂದಿದೆ.

ನಿಧಾನವೆಂಬ ರೋಗ

ಇಷ್ಟಾದರೂ ಒಂದು ಸಮಸ್ಯೆ ಉಳಿಯಿತು. ಸಾಯುತ್ತಿರುವ ಡಿಸ್ಕು ಎಷ್ಟೋ ವೇಳೆ ತಪ್ಪು ಉತ್ತರ ಕೊಡುವುದೇ ಇಲ್ಲ, ತಡವಾಗಿ ಉತ್ತರ ಕೊಡುತ್ತದೆ. ಓದಲಾಗದ ಜಾಗ ಸಿಕ್ಕಾಗ ಮನೆಬಳಕೆಯ ಡಿಸ್ಕು ಛಲ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದೇ ಡಿಸ್ಕು ಇರುವವರಿಗೆ ಈ ಛಲ ವರದಾನ. ಜೋಡಿಯಲ್ಲಿ ಅದೇ ಶಾಪ. ಪಕ್ಕದಲ್ಲಿ ಒಳ್ಳೆಯ ಪ್ರತಿ ಸಿದ್ಧವಾಗಿದ್ದರೂ ಎಲ್ಲರೂ ಈ ರೋಗಿಯ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಒಂದು ಆದೇಶಕ್ಕೆ 30 ಸೆಕೆಂಡು ಕಾಯುತ್ತದೆ. ಡಿಸ್ಕಿನ ಛಲ ಅದಕ್ಕಿಂತ ಉದ್ದವಿದ್ದರೆ ಗೊಂದಲ ಇನ್ನೂ ಹೆಚ್ಚು. ಆದ್ದರಿಂದಲೇ ರೇಡ್‌ಗೆಂದು ಮಾರುವ ಡಿಸ್ಕುಗಳು ಸುಮಾರು 7 ಸೆಕೆಂಡಿನಲ್ಲಿ ಪ್ರಯತ್ನ ಬಿಟ್ಟು "ಆಗಲಿಲ್ಲ" ಎಂದು ಒಪ್ಪಿಕೊಳ್ಳುತ್ತವೆ. ಆಗ ಇನ್ನೊಂದು ಪ್ರತಿಯಿಂದ ಕೆಲಸ ಸಾಗುತ್ತದೆ.

2018ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಹರ್ಯಾದಿ ಗುನಾವಿ ಮತ್ತು ಸಂಗಡಿಗರು 12 ಸಂಸ್ಥೆಗಳಿಂದ ಇಂಥ ನಿಧಾನದ ರೋಗದ 101 ಪ್ರಕರಣಗಳನ್ನು ಕಲೆಹಾಕಿದರು. ಒಂದು ಭಾಗದ ನಿಧಾನ ಇಡೀ ವ್ಯವಸ್ಥೆಯನ್ನೇ ಎಳೆದು ನಿಲ್ಲಿಸಬಹುದು, ಕಾರಣ ಪತ್ತೆಯಾಗಲು ದಿನಗಳು, ತಿಂಗಳುಗಳೇ ಹಿಡಿಯಬಹುದು ಎಂದು ತೋರಿಸಿದರು. ಓಪನ್‌ಜಡ್‌ಎಫ್‌ಎಸ್ ಕೂಡ 2019ರ ಆವೃತ್ತಿಯಿಂದ ಅತಿ ತಡವಾದ ಉತ್ತರಗಳನ್ನು ಬೇರೆಯಾಗಿ ಎಣಿಸಿ ತೋರಿಸುತ್ತದೆ.

ಹೊಸ ಲೇಪ

ರೋಗಿಷ್ಠ ಡಿಸ್ಕನ್ನು ಬದಲಿಸುವಾಗ ಹೆಚ್ಚಿನವರು ಮೊದಲು ಅದನ್ನು ಕಿತ್ತು ಹೊರಗಿಡುತ್ತಾರೆ. ಇದು ಯಾವಾಗಲೂ ಜಾಣತನವಲ್ಲ. ಉಳಿದ ಡಿಸ್ಕಿನಲ್ಲಿ ಎಲ್ಲೋ ಒಂದು ಗುಪ್ತ ದೋಷವಿದ್ದರೆ ಆ ತುಂಡಿನ ಏಕೈಕ ಒಳ್ಳೆಯ ಪ್ರತಿ ಈ ರೋಗಿಯ ಬಳಿಯೇ ಇರಬಹುದು. ಜಾಗವಿದ್ದರೆ ಹೊಸ ಡಿಸ್ಕನ್ನು ಪಕ್ಕದಲ್ಲಿ ಸೇರಿಸಿ, ನಕಲು ಮುಗಿದ ಮೇಲೆ ಹಳೆಯದನ್ನು ತೆಗೆಯುವುದು ಕ್ಷೇಮ. 2013ರಲ್ಲಿ ಬಿಟಿಆರ್‌ಎಫ್‌ಎಸ್‌ಗೆ ಇಂಥದೇ ಬದಲಾವಣೆಯ ಆದೇಶ ಬಂತು. ಬೇರೆಲ್ಲೂ ಒಳ್ಳೆಯ ಪ್ರತಿ ಸಿಗದಿದ್ದರೆ ಮಾತ್ರ ಹಳೆಯ ಡಿಸ್ಕನ್ನು ಮುಟ್ಟು ಎಂದು ಅದಕ್ಕೆ ಹೇಳಬಹುದು.

ಹೊಸ ಡಿಸ್ಕಿಗೆ ನಕಲು ಮಾಡುವ ಕ್ರಿಯೆಗೆ ರಿಸಿಲ್ವರಿಂಗ್ ಎಂದು ಹೆಸರು. ಹಳೆಯ ಕನ್ನಡಿಯ ಬೆಳ್ಳಿ ಲೇಪ ಹೋದಾಗ ಮತ್ತೆ ಲೇಪ ಹಚ್ಚುವುದು ಎಂದು ಅದರ ಅರ್ಥ. ಎಂಥ ಸೊಗಸಾದ ಹೆಸರು! ಹಳೆಯ ರೇಡ್ ವ್ಯವಸ್ಥೆಗೆ ಡಿಸ್ಕಿನಲ್ಲಿ ಏನಿದೆ ಎಂದು ತಿಳಿಯದು, ಖಾಲಿ ಜಾಗವನ್ನೂ ಸೇರಿಸಿ ಎಲ್ಲವನ್ನೂ ನಕಲು ಮಾಡುತ್ತಿತ್ತು. 20 ಟೆರಾಬೈಟಿನ ಡಿಸ್ಕಿಗೆ ಸೆಕೆಂಡಿಗೆ 250 ಮೆಗಾಬೈಟ್ ವೇಗದಲ್ಲಿ ಬರೆದರೂ 80,000 ಸೆಕೆಂಡು, ಅಂದರೆ 22 ಗಂಟೆ ದಾಟುತ್ತದೆ. ಜಡ್‌ಎಫ್‌ಎಸ್‌ಗೆ ಯಾವ ಜಾಗ ಬಳಕೆಯಲ್ಲಿದೆ ಎಂದು ಗೊತ್ತಿರುವುದರಿಂದ ಅಷ್ಟನ್ನೇ ನಕಲು ಮಾಡುತ್ತದೆ. ಒಂದು ಡಿಸ್ಕಿನ ತಂತಿ ಸಡಿಲವಾಗಿ ಹತ್ತು ನಿಮಿಷ ಕಾಣೆಯಾಗಿ ಮರಳಿ ಬಂದರೆ ಆ ಹತ್ತು ನಿಮಿಷದ ಬದಲಾವಣೆಯಷ್ಟನ್ನೇ ತುಂಬಿಕೊಡುತ್ತದೆ. ರಜೆ ಹಾಕಿದ ವಿದ್ಯಾರ್ಥಿಗೆ ಇಡೀ ವರ್ಷದ ಪಾಠ ಬೇಕಿಲ್ಲ, ತಪ್ಪಿದ ದಿನದ್ದು ಸಾಕು.

ಕನ್ನಡಿಯ ಮಿತಿ

ಇಷ್ಟೆಲ್ಲ ಓದಿದ ಮೇಲೆ "ಎರಡು ಡಿಸ್ಕು ಹಾಕಿದರೆ ಇನ್ನೇನು ಚಿಂತೆ" ಎಂದು ತಿಳಿಯಬೇಡಿ. ಕನ್ನಡಿ ನಿಮ್ಮ ಮುಖವನ್ನು ಇದ್ದಂತೆಯೇ ತೋರಿಸುತ್ತದೆ. ನೀವು ಒಂದು ಕಡತವನ್ನು ಅಳಿಸಿದರೆ ಎರಡೂ ಡಿಸ್ಕುಗಳಲ್ಲಿ ಒಟ್ಟಿಗೇ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ಬೆಂಕಿ, ನೀರು, ಕಳ್ಳ ಇವರಿಗೆ ಎರಡು ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ.

2011ರ ಫೆಬ್ರವರಿಯಲ್ಲಿ ಗೂಗಲ್‌ನ ಜಿಮೇಲ್ ಸೇವೆಯಲ್ಲಿ ಒಂದು ತಂತ್ರಾಂಶದ ದೋಷದಿಂದ ಶೇ. 0.02ರಷ್ಟು ಬಳಕೆದಾರರ ಅಂಚೆ ಕಾಣೆಯಾಯಿತು. ಹಲವು ಕೇಂದ್ರಗಳಲ್ಲಿ ಹಲವು ಪ್ರತಿಗಳಿದ್ದವು. ದೋಷ ಆ ಪ್ರತಿಗಳನ್ನೂ ತಟ್ಟಿತು. ಕೊನೆಗೆ ಕಾಪಾಡಿದ್ದು ಗಣಕಯಂತ್ರಕ್ಕೆ ಜೋಡಿಸದೆ ಬೇರೆಯಾಗಿ ತೆಗೆದಿಟ್ಟಿದ್ದ ಟೇಪುಗಳು. ಅಷ್ಟು ದೊಡ್ಡ ಸಂಸ್ಥೆಗೇ ಹಳೆಯ ಕಾಲದ ಟೇಪು ಬೇಕಾಯಿತೆಂದರೆ ನಮ್ಮಂಥವರಿಗೆ ಬೇರೆ ಕಡೆ ಇಟ್ಟ ಇನ್ನೊಂದು ಪ್ರತಿ ಬೇಡವೇ?

ಇನ್ನೂ ಒಂದು ಮಾತು. 1985ರಲ್ಲಿ ಟ್ಯಾಂಡೆಮ್ ಕಂಪನಿಯ ಜಿಮ್ ಗ್ರೇ ತಮ್ಮ ಗ್ರಾಹಕರ ಯಂತ್ರಗಳು ನಿಂತುಹೋದ ಕಾರಣಗಳನ್ನು ಲೆಕ್ಕ ಹಾಕಿದರು. ಯಂತ್ರಭಾಗ ಕೆಟ್ಟು ನಿಂತದ್ದು ಶೇ. 18. ಮನುಷ್ಯರ ನಿರ್ವಹಣೆಯ ಕಾರಣದಿಂದ ನಿಂತದ್ದು ಶೇ. 42! ಯಂತ್ರಗಳನ್ನು ಜೋಡಿ ಮಾಡಿದ ಮೇಲೆ ಒಂಟಿಯಾಗಿ ಉಳಿದದ್ದು ಮನುಷ್ಯನ ಎಚ್ಚರಿಕೆ ಒಂದೇ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ಶಾಲೆ, ಆಸ್ಪತ್ರೆ, ಬ್ಯಾಂಕುಗಳ ಗಣಕಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತೀರಿ. ಅಂದು ಇಷ್ಟನ್ನು ನೆನಪಿಡಿ. ದೋಷದ ಪಟ್ಟಿಯನ್ನು ವಾರಕ್ಕೊಮ್ಮೆ ತೆರೆದು ನೋಡಿ, ಡಿಸ್ಕು ಕೆಟ್ಟರೆ ನಿಮಗೆ ಸಂದೇಶ ಬರುವಂತೆ ಮಾಡಿ. ತಿಂಗಳಿಗೊಮ್ಮೆ ಸ್ಕ್ರಬ್ ಮಾಡಿಸಿ. ಬದಲಿ ಡಿಸ್ಕನ್ನು ಮೊದಲೇ ತಂದಿಡಿ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಬೇರೊಂದು ಕಟ್ಟಡದಲ್ಲಿ ಮೂರನೆಯ ಪ್ರತಿ ಇಡಿ, ಅದನ್ನು ವರ್ಷಕ್ಕೊಮ್ಮೆಯಾದರೂ ತೆರೆದು ಓದಿ ನೋಡಿ. ಯಾರದೋ ಮಗುವಿನ ಹುಟ್ಟಿದ ತಾರೀಖು, ಯಾರದೋ ಅಂಕ, ಯಾರದೋ ಹಕ್ಕು ಆ ಡಿಸ್ಕಿನ ಒಂದು ಸಾಲಿನಲ್ಲಿದೆ. ಆ ಸಾಲನ್ನು ಕೇಳಿಕೊಂಡು ಅವರು ಬರುವ ದಿನ ಅದು ಸರಿಯಾಗಿ ಓದಲು ಸಿಗಬೇಕು.